ನಾಲಿಗೆ ಚಾಚಿ ಕೂತದ್ದು

ಯಾರಾದರೂ ಕೇಳಿದಾಗ ನಾನು ಹೇಳುವ ಕಥೆ ಹೀಗಿದೆ: ಮೊದಲು ಪ್ರೋಟೀನು, ಆಮೇಲೆ ಅವ್ವನ ರೋಗ. ಆ ಪ್ರೋಟೀನಿನ ಆಕಾರ ಹುಡುಕುವ ಕೆಲಸಕ್ಕೆ ನಾನು ಸೇರಿದ್ದು ಆಕಸ್ಮಿಕ. ಅದೇ ಪ್ರೋಟೀನು ಕೆಟ್ಟು ಅವ್ವನ ಕೈಕಾಲು ಕುಣಿಸುತ್ತಿದೆ ಎಂದು ಗೊತ್ತಾದದ್ದು ನಂತರ. ಅಕ್ಕ ಇದನ್ನು ಒಪ್ಪುವುದಿಲ್ಲ. ನಾನು ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುವಾಗಲೇ ಇಳಕಲ್ಲಿನ ಮನೆಯಲ್ಲಿ, ಮಗ್ಗದ ಮುಂದೆ, ಅವ್ವನ ಬೆರಳು ಸುಮ್ಮನಿರುತ್ತಿರಲಿಲ್ಲವಂತೆ. ಸೀರೆಯ ಸೆರಗಿನ ಎಳೆಯನ್ನು ಒಡಲಿನ ಎಳೆಗೆ ಕೊಂಡಿ ಹಾಕುವಾಗ ತಪ್ಪುತ್ತಿತ್ತಂತೆ. ನಾನು ನೋಡುತ್ತ ನಿಂತಿದ್ದೆನಂತೆ. ನೆನಪಿಲ್ಲ. ನೆನಪಿಲ್ಲ ಎನ್ನುವುದರ ಮೇಲೂ ನನಗೆ ನಂಬಿಕೆಯಿಲ್ಲ.

ಈ ರೋಗ ಮೊದಲು ಮೈಯ ಹಿಡಿತ ತಪ್ಪಿಸುತ್ತದೆ, ಕೊನೆಗೆ ಬುದ್ಧಿಯನ್ನೂ ಕೆಡಿಸುತ್ತದೆ. ವಾಸಿಮಾಡುವ ಔಷಧವಿಲ್ಲ. ತಾಯಿಗೆ ಇದ್ದರೆ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ. ಅವ್ವ ಹೋದಳು, ಉಳಿದವರು ನಾವಿಬ್ಬರು. ಪರೀಕ್ಷೆಗೆ ರಕ್ತ ಕೊಟ್ಟರೆ ಉತ್ತರ ಸಿಗುತ್ತದೆ. ಇಬ್ಬರೂ ಕೊಟ್ಟಿಲ್ಲ.

ಮೊನ್ನೆ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಉಪನ್ಯಾಸವಿತ್ತು. ಪ್ರೋಟೀನಿನ ಬಾಲ ಉದ್ದವಾಗಿ ಒಂದಕ್ಕೊಂದು ಅಂಟಿ ಗಂಟಾಗುವ ಬಗೆ, ಆ ಗಂಟು ಕಟ್ಟದಂತೆ ತಡೆಯಬಲ್ಲ ಅಣುವಿಗಾಗಿ ನಮ್ಮ ಹುಡುಕಾಟ, ಎಲ್ಲವನ್ನೂ ಹೇಳಿದೆ. ಧ್ವನಿ ನಡುಗಲಿಲ್ಲ. ಅಲ್ಲಿಂದ ಬಸ್ಸು ಹತ್ತಿ ಹುನಗುಂದಕ್ಕೆ, ಅಕ್ಕನ ಮನೆಗೆ ಹೋದೆ.

ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಒಂದು ಅಂಚಿನಲ್ಲಿ ಹರಿಯಿತು. ರೊಟ್ಟಿ ಎಲ್ಲರದೂ ಹರಿಯುತ್ತದೆ. ನಾನು ಅವಳ ಬೆರಳು ನೋಡಿದೆ.

"ಏನ ನೋಡಾಕತ್ತಿ?"

"ಏನಿಲ್ಲ."

"ನೀ ಬಂದ್ರ ಕೈ ಸೆರಗಿನ್ಯಾಗ ಮುಚ್ಕೊಂಡು ಕುಂದ್ರಬೇಕಾಗೇತಿ ನೋಡು. ಹಿಟ್ಟು ಹಳೇದು, ಜಿಗಿ ಇಲ್ಲ. ಅದಕ್ಕ ಹರೀತು."

"ನಾ ಎಲ್ಲಿ ಏನಂದೆ?"

"ನೀ ಅನ್ನೂದ ಬ್ಯಾಡ. ನಿನ್ನ ಕಣ್ಣ ಅಂತಾವ."

ಒಲೆ ಆರಿಸಿ, ಕೈ ತೊಳೆದು ನನ್ನೆದುರು ಬಂದು ಕೂತಳು. "ದವಾಖಾನ್ಯಾಗ ಮೊದಲ ಹೆಂಗ ನೋಡ್ತಾರ? ರಕ್ತದ ಮಾತ ಬ್ಯಾಡ. ಬರೇ ಕಣ್ಣಿಲೆ."

ಹೇಳದೆ ಇರಬಹುದಿತ್ತು. ನಾಲಿಗೆ ಹೊರಗೆ ಚಾಚಿ ಹಿಡಿಯಲು ಹೇಳುತ್ತಾರೆ, ರೋಗ ಶುರುವಾದವರಿಗೆ ಹಿಡಿದಿಡಲು ಆಗುವುದಿಲ್ಲ, ತಾನಾಗಿ ಒಳಗೆ ಹೋಗಿಬಿಡುತ್ತದೆ ಎಂದೆ.

"ಇಷ್ಟ? ಇದಕ್ಕ ಅಷ್ಟ ದೊಡ್ಡ ಸಾಲಿ ಕಲತಿ?" ಅಕ್ಕ ನಕ್ಕಳು. "ನೀನೂ ತಗಿ ಮತ್ತ. ನಾ ಒಬ್ಬಾಕೀನ ಮಂಗ್ಯಾ ಆಗೂದಿಲ್ಲ."

ನಲವತ್ತು ದಾಟಿದ ಇಬ್ಬರು ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ನಾಲಿಗೆ ಚಾಚಿ ಕೂತೆವು. ಅವಳದರ ಮೇಲೆ ಎಲೆಯಡಿಕೆಯ ಕೆಂಪು. ನಾನು ಅದನ್ನೊಂದೇ ನೋಡುತ್ತಿದ್ದೆ, ಅವಳು ನನ್ನದನ್ನು.

ಅವಳ ನಾಲಿಗೆ ಒಳಗೆ ಹೋಯಿತು. ಅವಳು ನಕ್ಕಳು.

ಅಲ್ಲ, ಇಲ್ಲಿ ನಿಲ್ಲಬೇಕು. ಮೊದಲು ನಕ್ಕಳೋ, ಮೊದಲು ನಾಲಿಗೆ ಹೋಯಿತೋ? ಎರಡೂ ರೀತಿ ಬರೆದು ನೋಡಿದ್ದೇನೆ. ಎರಡೂ ನಿಜದಂತೆಯೇ ಓದಿಸಿಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಒಂದೇ ಬಗೆಯ ಅಣುವಿನ ಸಾವಿರಾರು ಮಸುಕು ಚಿತ್ರಗಳನ್ನು ಕೂಡಿಸಿ ಒಂದು ಆಕಾರ ತೆಗೆಯುತ್ತೇವೆ. ಈ ಗಳಿಗೆಯದು ನನ್ನಲ್ಲಿರುವುದು ಒಂದೇ ಚಿತ್ರ.

"ನಗಿ ಬಂತು ನನಗ," ಎಂದಳು. ನನ್ನ ಮುಖ ನೋಡಿ ನಗು ನಿಂತಿತು. "ಖರೇನ ನಗಿ ಬಂತವ್ವಾ. ಏನರೆ ಅನ್ನು."

ಏನಾದರೂ ಅನ್ನಬೇಕೆಂದರೆ ನಾನು ನಾಲಿಗೆ ಒಳಗೆ ತೆಗೆದುಕೊಳ್ಳಬೇಕಿತ್ತು.

"ಸಾಕ, ಒಳಗ ತಗೋ ಹುಚ್ಚಿ," ಎಂದು ನನ್ನ ಗದ್ದ ಹಿಡಿದಳು. ನಡುಗುತ್ತಿದ್ದುದು ಅವಳ ಕೈಯೋ ನನ್ನ ಗದ್ದವೋ ತಿಳಿಯಲಿಲ್ಲ. ನಾನು ನಾಲಿಗೆಯನ್ನು ಹೊರಗೇ ಹಿಡಿದುಕೊಂಡಿದ್ದೆ.