ಶಕ್ತಿ ಸೂಜಿ

ಸೂಜಿ ಅಕ್ಕನ ಕೈ ಹಗುರ ಎಂದು ಬಸುರಿಯರೆಲ್ಲ ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅದೇ ಆಸ್ಪತ್ರೆಯ ಅದೇ ಕೋಣೆಯಲ್ಲಿ ನರ್ಸ್ ಆಗಿದ್ದವಳು. ಆ ಕೋಣೆ ಕಟ್ಟಿಸಿದ ಪುಣ್ಯಾತ್ಮನಿಗೆ ಹೆಂಡತಿಯೇ ಇರಲಿಲ್ಲವೋ ಏನೋ! ಬಸುರಿಯರು ಮಲಗುವ ಮಂಚಕ್ಕೂ ಅತ್ತೆಯಂದಿರು ಕೂರುವ ಬೆಂಚಿಗೂ ನಡುವೆ ಇದ್ದದ್ದು ಒಂದು ತೆಳು ಪರದೆ. ಈಚೆ ಪಿಸುಗುಟ್ಟಿದರೆ ಆಚೆಯಿಂದ "ಏನಂತೆ?" ಎಂದು ಉತ್ತರ ಬರುತ್ತಿತ್ತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬಳಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದ್ದಳು: ರಕ್ತದಲ್ಲಿ ಸಿಫಿಲಿಸ್, ಅಂದರೆ ಗುಪ್ತರೋಗ ಇದೆ, ಗಂಡನಿಂದ ಬಂದಿರಬಹುದು, ಹಾಗೇ ಬಿಟ್ಟರೆ ಹೊಟ್ಟೆಯ ಕೂಸಿಗೂ ತಗಲುತ್ತದೆ. ಬೆಂಚಿನ ಮೇಲಿದ್ದ ಅತ್ತೆಗೆ ಕೇಳಿಸಿತು. ಸಂಜೆಯೊಳಗೆ ಸೊಸೆಯ ಬಟ್ಟೆಬರೆ ಬೀದಿಯಲ್ಲಿ ಬಿದ್ದಿದ್ದವು. ಅವತ್ತಿನಿಂದ ಸೂಜಿ ಅಕ್ಕ ಆ ರೋಗದ ಹೆಸರೆತ್ತುವುದನ್ನೇ ಬಿಟ್ಟಳು. "ಶಕ್ತಿ ಸೂಜಿ ಕಣಮ್ಮ, ವಾರಕ್ಕೊಂದರಂತೆ ಮೂರು" ಎಂದು ಆ ರೋಗದ ಮದ್ದನ್ನೇ ಚುಚ್ಚಿ ಕಳಿಸುವಳು. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದೇ ಸುಳ್ಳಲ್ಲಿ ಒಂದು ಮದುವೆ ಉಳಿಸ್ತೀನಿ" ಎಂದು ಜೊತೆಯವರೊಡನೆ ನಗುವಳು. ಗಂಡಂದಿರಿಗೂ ಆ ಸೂಜಿ ಬೀಳಬೇಕಿತ್ತು, ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹೆಂಡತಿಯ ಶಕ್ತಿಗೆ ಗಂಡನನ್ನು ಏನೆಂದು ಕರೆಸುವುದು?

ಹೀಗಿರುವಾಗ ಅಂಗಿಗಳಿಗೆ ಗುಂಡಿ ಹೊಲಿಯುವ ಕಾರ್ಖಾನೆಯ ಹುಡುಗಿಯೊಬ್ಬಳು ಬಂದಳು. ಆರು ತಿಂಗಳು. ಹಿಂದೆ ಎರಡು ಬಸಿರು ನಿಂತಿರಲಿಲ್ಲ.

"ಈ ಸಲ ಉಳಿಯುತ್ತೆ ಅಲ್ವಾ ಅಕ್ಕಾ?"

"ಉಳೀದೇ ಏನು? ಉಳಿದು ನಿನ್ನ ನಿದ್ದೆ ಕೆಡಿಸುತ್ತೆ ನೋಡ್ತಿರು."

ರಕ್ತದಲ್ಲಿ ಅದೇ ರೋಗವಿತ್ತು. ಮೊದಲ ಸೂಜಿ ಹಾಕಿಸಿಕೊಂಡು ಹೋದವಳು ಮುಂದಿನ ವಾರ ಬರಲಿಲ್ಲ, ಅದರಾಚೆಯ ವಾರವೂ ಇಲ್ಲ. ಮೂರೂ ಸೂಜಿ ಬೀಳದಿದ್ದರೆ ಕೂಸಿಗೆ ಅಪಾಯವೆಂದು ಅಕ್ಕ ಕಾರ್ಖಾನೆಯ ಗೇಟಿಗೇ ಹೋಗಿ ನಿಂತಳು. ಊಟದ ಹೊತ್ತಿಗೆ ಹುಡುಗಿ ನಗುತ್ತಾ ಬಂದಳು, ಸುತ್ತ ನಾಲ್ಕೈದು ಗೆಳತಿಯರು.

"ನಂಗೇನಕ್ಕಾ, ಗುಂಡುಕಲ್ಲಿನ ಹಾಗಿದ್ದೀನಿ! ರಜೆ ಹಾಕಿದ್ರೆ ಮೇಸ್ತ್ರಿ ಕೆಲಸದಿಂದಲೇ ತೆಗೀತಾನೆ. ನನ್ನ ಪಾಲಿನ ಶಕ್ತಿ ಸೂಜಿನ ಯಾರಾದ್ರೂ ನಿತ್ರಾಣಿಗೆ ಹಾಕಿಬಿಡಿ."

ಗೆಳತಿಯರೆಲ್ಲ ನಕ್ಕರು. ಮಾತು ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಗೆಳತಿಯರಲ್ಲಿ ಒಬ್ಬಳು ಹುಡುಗಿಯ ನಾದಿನಿ. "ಬಂದ್ರೆ ಒಳ್ಳೇದಿತ್ತು ಕಣೆ" ಎಂದಷ್ಟೇ ಹೇಳಿ ಹಿಂದಿರುಗಿದಳು. ಥೂ, ಎಂಥ ಬಾಳು ತನ್ನದು ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ನಾಳೆ ಹೇಗಾದರೂ ಒಬ್ಬಳನ್ನೇ ಕರೆದು ಹೇಳಬೇಕು ಎಂದುಕೊಂಡಳು. ನಾಳೆ ನಾಡಿದ್ದಾಯಿತು.

ಎಂಟು ತಿಂಗಳಿಗೇ ಹೆರಿಗೆ. ಹೆಣ್ಣು ಕೂಸು. ಅಳಲಿಲ್ಲ. ಅಕ್ಕ ಬೆನ್ನು ತಟ್ಟಿದಳು, ಉಜ್ಜಿದಳು, ಆಗದೆಂದು ತಿಳಿದ ಮೇಲೂ ಉಜ್ಜುತ್ತಲೇ ಇದ್ದಳು. ಕೊನೆಗೆ ಡಾಕ್ಟರಮ್ಮ ಕೈ ಹಿಡಿದು ಬಿಡಿಸಬೇಕಾಯಿತು.

"ನಾನೇ ಪಡ್ಕೊಂಡು ಬಂದಿಲ್ಲ ಬಿಡಿ. ನೀವ್ಯಾಕಕ್ಕಾ ಅಳ್ತೀರಿ?" ಎಂದು ಹುಡುಗಿ ಅವಳನ್ನೇ ಸಮಾಧಾನಪಡಿಸಿದಳು.

ಅದನ್ನು ಅಕ್ಕನಿಂದ ತಡೆಯಲಾಗಲಿಲ್ಲ. ಬಾಗಿ, ಕಿವಿಯ ಹತ್ತಿರ ಎಲ್ಲವನ್ನೂ ಹೇಳಿಬಿಟ್ಟಳು. ರೋಗ, ಗಂಡ, ಆ ಮೂರು ಸೂಜಿ, ತಾನು ಬಾಯಿ ಬಿಡದೇ ಹೋದದ್ದು. ಮರ್ಯಾದೆ ಉಳಿಯಲಿ ಅಂತ ಮುಚ್ಚಿಟ್ಟೆ ಎಂದಳು.

ಹುಡುಗಿ ಕೇಳಿದಳು:

"ಗೇಟಿನ ಹತ್ರ ಬಂದಿದ್ರಲ್ಲ ಅಕ್ಕಾ, ಅಲ್ಲೇ ಹೇಳ್ಬಹುದಿತ್ತಲ್ಲ? ಎಲ್ಲರ ಮುಂದೇನೇ ಕೂಗಿ ಹೇಳ್ಬಹುದಿತ್ತು. ಮನೆಯಿಂದ ಓಡಿಸಿದ್ರೆ ಓಡಿಸ್ತಿದ್ರು. ಕೂಸನ್ನ ಎತ್ಕೊಂಡು ಹೋಗ್ತಿದ್ದೆ."