ಜಲಜಾಕ್ಷಿಯವರ ಬನ್ಸ್ ಮತ್ತೆ ಉಬ್ಬಿತು

ಸುರತ್ಕಲ್‌ನಲ್ಲಿ ಸಮುದ್ರದ ಕಡೆಗೆ ಇಳಿಯುವ ಓಣಿ. ಬೀದಿದೀಪಗಳು ಇನ್ನೂ ಆರಿಲ್ಲ. ಮೂಲೆಮನೆಯ ಅಡುಗೆಕೋಣೆಯಲ್ಲಿ ಜಲಜಾಕ್ಷಿ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿಯನ್ನೂ ಹಾಕಿಕೊಳ್ಳುತ್ತಾರೆ. ರಾತ್ರಿ ಕಲಸಿಟ್ಟ ಹಿಟ್ಟಿನ ಮುಚ್ಚಳ ತೆಗೆದರೆ ಕಳಿತ ಬಾಳೆಹಣ್ಣು, ಹುಳಿಮೊಸರು, ಜೀರಿಗೆ ಬೆರೆತ ಘಮ. ಪೂರಿಗಿಂತ ದಪ್ಪಗೆ ಲಟ್ಟಿಸಿದ್ದನ್ನು ಬಾಣಲೆಯ ಅಂಚಿನಿಂದ ಜಾರಿಸಿ ಸಟ್ಟುಗದಿಂದ ಮೆಲ್ಲಗೆ ತಟ್ಟುತ್ತಾರೆ. ಒಂದು ಗಳಿಗೆ ಸುಮ್ಮನಿದ್ದ ಹಿಟ್ಟು ಗುಮ್ಮನೆ ಉಬ್ಬುತ್ತದೆ.

ಬೆಳಕು ಹರಿಯುವ ಹೊತ್ತಿಗೆ ಇನ್ನೂರರಷ್ಟು ಬನ್ಸ್ ಆಗಿರುತ್ತದೆ. ಹೆಚ್ಚಿನದು ಹೆದ್ದಾರಿ ಬದಿಯ ವಿಲ್ಲಿಯವರ ಚಹಾದಂಗಡಿಗೆ. ರಾತ್ರಿಪಾಳಿ ಮುಗಿಸಿ ಬರುವ ಕಾರ್ಮಿಕರು, ಪರೀಕ್ಷೆಗೆ ಓದಿ ಕಣ್ಣು ಕೆಂಪಾದ ವಿದ್ಯಾರ್ಥಿಗಳು ಅಲ್ಲಿ ಕಾಯುತ್ತಾರೆ. ಮಾಡುವವರು ಯಾರೆಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಎರಡು ವರ್ಷದ ಹಿಂದೆ ಆ ಕೈ ಬಹುತೇಕ ನಿಂತೇಹೋಗಿತ್ತೆಂಬುದೂ ಗೊತ್ತಿಲ್ಲ.

ಅದು ಮೀನುಗಾರಿಕೆಗೆ ರಜೆಯಿದ್ದ ಮಳೆಗಾಲ. ಬೋಟಿನಲ್ಲಿ ದುಡಿಯುವ ಗಂಡ ದೇವದಾಸ್ ಮನೆಯಲ್ಲೇ ಇದ್ದರು. ಒಲೆಯ ಕಾಲು ಮುರಿದು ಬಾಣಲೆ ಮಗುಚಿತು. ಕಾದ ಎಣ್ಣೆ ಜಲಜಾಕ್ಷಿಯವರ ಬಲಗೈಯನ್ನು ಮೊಣಕೈವರೆಗೂ ಸುಟ್ಟಿತು. ಆಸ್ಪತ್ರೆಯಿಂದ ಬಂದ ಮೇಲೆ ಗಾಯ ಮಾಗಿತು, ಹೆದರಿಕೆ ಮಾಗಲಿಲ್ಲ. ಮನೆಯಲ್ಲಿ ಹಪ್ಪಳ ಕರಿದರೂ ಅವರು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದರು.

"ನೋವು ಹೇಳಬಹುದು. ಇದನ್ನು ಎಂತ ಅಂತ ಹೇಳುವುದು? ಎಣ್ಣೆ ಚುಂಯ್ ಅಂದ್ರೆ ಸಾಕು, ಕಾಲು ತನ್ನಷ್ಟಕ್ಕೆ ಹೊರಗೆ ಹೋಗ್ತದೆ."

ರಜೆ ಮುಗಿದು ಬೋಟುಗಳು ಕಡಲಿಗಿಳಿದರೂ ದೇವದಾಸ್ ಹೋಗಲಿಲ್ಲ. ಬೋಟಿನಲ್ಲಿ ಅಲೆಗಳ ನಡುವೆ ಮೀನು ಕರಿದವನಿಗೆ ಬನ್ಸ್ ಏನು ಮಹಾ ಎಂದುಕೊಂಡು ತಾವೇ ಒಲೆಯ ಮುಂದೆ ನಿಂತರು. ಹಿಟ್ಟು ಹೆಂಡತಿಯದ್ದೇ, ಆದರೂ ಒಂದೂ ಉಬ್ಬಲಿಲ್ಲ. ಆ ಚಪ್ಪಟೆ ಬನ್ಸನ್ನೇ ವಿಲ್ಲಿ ಕೊಂಡುಹೋದರು. ಗಿರಾಕಿಗಳು ಕೇಳಿದರೆ ಹೊಸ ನಮೂನೆ ಎಂದುಬಿಟ್ಟರಂತೆ. ಹಲವರು ಅರ್ಧ ತಿಂದು ಬಿಟ್ಟದ್ದನ್ನು ಮಾತ್ರ ಅವರು ಆಗ ಹೇಳಲಿಲ್ಲ.

ಜಲಜಾಕ್ಷಿ ಬಾಗಿಲ ಆಚೆ ನಿಂತು ಹೇಳಿಕೊಡತೊಡಗಿದರು. ಒತ್ತಬೇಡಿ, ತಟ್ಟಿ. ದೇವದಾಸ್ ತಟ್ಟಿದರೆ ಹಿಟ್ಟು ಹರಿಯುತ್ತಿತ್ತು. ಕೊನೆಗೆ ಒಂದು ಬೆಳಗ್ಗೆ ಜಲಜಾಕ್ಷಿ ತಡೆಯಲಾಗದೆ ಒಳಗೆ ಬಂದು ಸಟ್ಟುಗ ಕಸಿದುಕೊಂಡರು. ಬನ್ಸ್ ಉಬ್ಬಿದ ಮೇಲೆಯೇ ತಾನು ಒಲೆಯ ಮುಂದೆ ನಿಂತಿದ್ದೇನೆಂದು ಅವರಿಗೆ ತಿಳಿದದ್ದು. ಸಟ್ಟುಗವನ್ನು ಗಂಡನ ಕೈಗೆ ಕೊಟ್ಟು, ಬಾವಿಕಟ್ಟೆಯಲ್ಲಿ ಕೂತು ತುಂಬಾ ಹೊತ್ತು ಅತ್ತರು.

ಮರುದಿನ ದೇವದಾಸ್ ತಮ್ಮ ತುಂಬುತೋಳಿನ ಅಂಗಿ ತಂದು ಅವರ ಮುಂದೆ ಇಟ್ಟರು. "ಒಂದೇ ಬನ್ಸ್ ಮಾಡು. ಉಳಿದದ್ದು ನಾನು ಮಾಡ್ತೇನೆ."

ಅಂದು ಒಂದು, ಮರುದಿನ ಮತ್ತೊಂದು. ಕೆಲವೊಮ್ಮೆ ಒಂದೂ ಆಗದೆ ಹೊರಗೆ ಓಡಿದ್ದೂ ಉಂಟು. ಆ ವರ್ಷವಿಡೀ ಒಲೆಯ ಮುಂದೆ ಇಬ್ಬರೂ ನಿಂತರು. ಮುಂದಿನ ಹಂಗಾಮಿಗೆ ದೇವದಾಸ್ ಮತ್ತೆ ಬೋಟು ಹತ್ತಿದಾಗ ಜಲಜಾಕ್ಷಿ ಒಬ್ಬರೇ ಒಲೆ ಹಚ್ಚಿದರು. ಆ ದಿನವೂ ವಿಲ್ಲಿಯವರಿಗೆ ಬನ್ಸ್ ತಪ್ಪಲಿಲ್ಲ.

ಹೆದರಿಕೆ ಪೂರ್ತಿ ಹೋಯಿತೇ ಎಂದು ಕೇಳಿದರೆ ಅವರು ಸುಳ್ಳು ಹೇಳುವುದಿಲ್ಲ. "ಇಲ್ಲ, ಈಗಲೂ ಉಂಟು. ಅದು ಅದರ ಬದಿಯಲ್ಲಿ ಇರ್ತದೆ, ನಾನು ನನ್ನ ಕೆಲಸ ಮಾಡ್ತೇನೆ."

ವಿಲ್ಲಿಯವರ ಸ್ಕೂಟರ್ ಅಂಗಳಕ್ಕೆ ಬರುತ್ತದೆ. ಬುಟ್ಟಿ ತುಂಬಿಸಿ ಕಳಿಸಿ, ಅಂಗಿ ಕಳಚಿ ಗೂಟಕ್ಕೆ ಸಿಕ್ಕಿಸಿ, ಜಲಜಾಕ್ಷಿ ಖಾಲಿ ಪಾತ್ರೆ ತೊಳೆಯಲು ಕೂರುತ್ತಾರೆ. ಏನಾದರೂ ಆಸೆ ಉಂಟಾ ಎಂದರೆ ಸ್ವಲ್ಪ ಯೋಚಿಸಿ ನಗುತ್ತಾರೆ.

"ನಮ್ಮವರು ಬೋಟಿಂದ ಬಂದ ಕೂಡ್ಲೆ ಬನ್ಸ್ ಉಂಟಾ ಅಂತ ಕೇಳ್ತಾರೆ. ನಾಲ್ಕಾದ್ರೂ ಉಳಿಯಲಿ ಅಂತ ನನಗೂ ಆಸೆ. ಎಂತ ಮಾಡುವುದು ಮಾರಾಯ್ರೆ, ಉಳಿಯುವುದೇ ಇಲ್ಲ."