ರೇಣುಕಪ್ಪನ ಗಣಿತದ ಪೇಪರು

ನರಸಿಂಹರಾಜಪುರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ರೇಣುಕಪ್ಪ ಮೂವತ್ತೊಂದು ವರ್ಷದಿಂದ ಗಂಟೆ ಹೊಡೆಯುತ್ತಿದ್ದ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಅವನ ಗತ್ತು ನೋಡಬೇಕು. ಯಾವ ಮಂತ್ರಿ ಬಂದು ನಿಂತರೂ ಗಂಟೆ ಒಂದು ಸೆಕೆಂಡು ಆಚೀಚೆ ಆಗುತ್ತಿರಲಿಲ್ಲ. ಇಷ್ಟು ಜನರನ್ನು ಎಸ್ಸೆಸ್ಸೆಲ್ಸಿ ದಾಟಿಸಿದ ಈ ಮಹಾಶಯ ಸ್ವತಃ ಗಣಿತದಲ್ಲಿ ಫೇಲು ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಅವನು ಫೇಲಾದದ್ದು ಫಲಿತಾಂಶ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದ ಕಾಲದಲ್ಲಿ. ಬಾಳೆಹೊನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ತನ್ನ ನಂಬರನ್ನು ಮೂರು ಸಲ ಹುಡುಕಿ, ಅಚ್ಚಿನ ತಪ್ಪಿರಬೇಕೆಂದು ಇನ್ನೊಂದು ಪತ್ರಿಕೆಯನ್ನೂ ಕೊಂಡಿದ್ದ. ಎರಡೂ ಪತ್ರಿಕೆಗಳು ಅವನ ವಿರುದ್ಧ ಒಂದಾಗಿದ್ದವು. ಆಮೇಲೆ ಏನೇನೋ ಆಯಿತು. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಹೋಯಿತು. ಐದಕ್ಕೂ ಎಂಟಕ್ಕೂ ತರಲು ಹೊರಟದ್ದು ಕೋರ್ಟು ಹತ್ತಿತು. ಫಲಿತಾಂಶ ಮೊಬೈಲಿಗೆ ಬಂತು, ಪರೀಕ್ಷೆಯ ಕೋಣೆಗೆ ಕ್ಯಾಮೆರಾ ಬಂತು. ಸಪ್ಲಿಮೆಂಟರಿ ಎಂಬ ಹೆಸರೇ ಹೋಗಿ ವರ್ಷಕ್ಕೆ ಮೂರು ಪರೀಕ್ಷೆಗಳಾದವು. ರೇಣುಕಪ್ಪನ ಗಣಿತ ಮಾತ್ರ ಇದ್ದಲ್ಲೇ ಇತ್ತು.

ನಿವೃತ್ತಿಗೆ ಒಂದು ವರ್ಷ ಇರುವಾಗ ಅವನಿಗೆ ಹಟ ಹಿಡಿಯಿತು. ಬಡ್ತಿಯ ಆಸೆಯಲ್ಲ, ಅದರ ಕಾಲ ಮುಗಿದಿತ್ತು. ಪಾಸಾದವನಾಗಿ ಶಾಲೆಯ ಗೇಟು ದಾಟಬೇಕು, ಅಷ್ಟೇ. ಮುಖ್ಯೋಪಾಧ್ಯಾಯಿನಿ ಸರ್ವಮಂಗಳಾ ಮೇಡಂ ಅರ್ಜಿ ತುಂಬಿಸಿ, ರಜೆ ಕೊಟ್ಟು, ಕೊಪ್ಪದ ಪರೀಕ್ಷಾ ಕೇಂದ್ರಕ್ಕೆ ಕಳಿಸಿದರು.

ಅಲ್ಲಿ ಕೋಣೆಯೊಳಗೆ ಹೋದವನೇ ಓರೆಯಾಗಿದ್ದ ಡೆಸ್ಕುಗಳನ್ನು ಸಾಲಾಗಿಟ್ಟ. ಬೋರ್ಡು ಒರೆಸಿದ. ಕೊಠಡಿ ಮೇಲ್ವಿಚಾರಕಿ ಅರ್ಪಣಾ ಹಿಂದೆ ಅವನ ಶಾಲೆಯಲ್ಲೇ ಓದಿದವಳು.

“ರೇಣುಕಪ್ಪಣ್ಣ, ಇವತ್ತು ನೀವು ಬರೆಯೋರು. ಕೂತ್ಕೊಳ್ಳಿ ಮಾರಾಯ್ರೆ,” ಎಂದಳು ನಗು ತಡೆದು.

ಕೂತು ಬರೆದ. ತಲೆ ಕೆರೆದುಕೊಂಡು ಮತ್ತೆ ಬರೆದ. ಕೊನೆಗೆ ಉಳಿದದ್ದು ಒಂದು ಪ್ರಮೇಯ, ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದು. ಅರ್ಧ ಬರೆದವನು ಗೋಡೆಯ ಗಡಿಯಾರ ನೋಡಿದ. ಸಮಯ ಮುಗಿದಿತ್ತು, ಗಂಟೆ ಮಾತ್ರ ಆಗಿರಲಿಲ್ಲ. ಅಲ್ಲಿನ ಜವಾನ ಎಲ್ಲಿ ಮಾಯವಾಗಿದ್ದನೋ. ಗಂಟೆಯಾಗದೆ ಅರ್ಪಣಾ ಉತ್ತರಪತ್ರಿಕೆ ಕೇಳುವಂತಿರಲಿಲ್ಲ. ಮಕ್ಕಳು ತಲೆಯೆತ್ತದೆ ಬರೆಯುತ್ತಲೇ ಇದ್ದರು.

ಇನ್ನು ಆರು ಸಾಲು ಬರೆದರೆ ಮುಗಿಯಿತು. ರೇಣುಕಪ್ಪನಿಗೆ ಆಸೆಯಾಯಿತು, ಬಹಳ ಆಸೆಯಾಯಿತು. ಆದರೂ ಪೆನ್ನು ಕೆಳಗಿಟ್ಟು ಎದ್ದ.

“ಗಂಟೆ ಆಗಿಲ್ಲಣ್ಣ, ಬರೀರಿ,” ಎಂದು ಅರ್ಪಣಾ ಮೆಲ್ಲಗೆ ಹೇಳಿದಳು.

“ನಂದು ಆಯ್ತು,” ಎಂದು ಪತ್ರಿಕೆ ಕೊಟ್ಟು ಹೊರಬಂದ. ಅವನು ಮೆಟ್ಟಿಲಿಳಿದು ಅಂಗಳ ದಾಟಿ ಗೇಟು ಮುಟ್ಟಿದ ಮೇಲೆ ಗಂಟೆಯಾಯಿತು.

ಫಲಿತಾಂಶ ಬಂತು. ಎರಡು ಅಂಕಕ್ಕೆ ಫೇಲು. ಅಷ್ಟರಲ್ಲಿ ಅರ್ಪಣಾಳಿಂದ ವಿಷಯ ತಿಳಿದಿದ್ದ ಸರ್ವಮಂಗಳಾ ಮೇಡಂಗೆ ಸಿಟ್ಟೂ ಸಂಕಟವೂ ಒಟ್ಟಿಗೇ ಬಂದವು.

“ನಾಲ್ಕು ನಿಮಿಷ ತಾನಾಗೇ ಸಿಕ್ಕಿತ್ತಲ್ಲ ರೇಣುಕಪ್ಪ. ಬರೆದುಬಿಟ್ಟಿದ್ರೆ ಎಂತ ಆಗ್ತಿತ್ತು?”

“ಪಾಸಾಗ್ತಿದ್ದೆ ಮೇಡಂ,” ಎಂದ ರೇಣುಕಪ್ಪ. “‘ಇನ್ನೊಂದೇ ಲೆಕ್ಕ ಅಣ್ಣಾ, ಈಗ್ಲೇ ಹೊಡೀಬೇಡಿ’ ಅಂತ ಎಷ್ಟು ಮಕ್ಕಳು ಕಿಟಕಿಯಿಂದ ಕೇಳಿದ್ದಾರೆ. ಕಣ್ಣಲ್ಲಿ ನೀರು ಹಾಕ್ಕೊಂಡು ಕೇಳಿದ್ದಾರೆ. ಒಬ್ಬರಿಗೂ ಒಂದು ನಿಮಿಷ ಕೊಟ್ಟೋನಲ್ಲ ನಾನು. ನಂಗೆ ನಾನೇ ನಾಲ್ಕು ಕೊಟ್ಕೊಳ್ಳೋದು ಹ್ಯಾಗೆ?”

ಮೇಡಂ ಎರಡನೇ ಪರೀಕ್ಷೆಯ ಅರ್ಜಿ ತೆಗೆದು ಅವನ ಹೆಸರು ಬರೆಯತೊಡಗಿದರು.